ಮನೆಯಂಗಳದ ಮೂಸೆಯೊಲೆ

ಬೆಂಕಿಯ ನೆರವಿಲ್ಲದೆ ಸಾಗುವ ಸಂಸಾರವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಯ ಮನೆಗಳಲ್ಲಂತೂ ಒಂದೇ ಮನೆಗೆ ಮೂರು ನಾಲ್ಕು ಬಗೆಯ ಒಲೆಗಳುಂಟು. ಅಡಿಗೆಯ ಒಲೆ ಒಂದು. ಬಚ್ಚಲ ಹಂಡೆಯ ಒಲೆ ಇನ್ನೊಂದು. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆ ಮತ್ತೊಂದು. ಕಬ್ಬು ಬೆಳೆಯುವಲ್ಲಿ ಆಲೆಮನೆಯ ಒಲೆ ಬೇರೆ. ಅಡಿಗೆಮನೆಗೆ ಅನಿಲದ ಸಿಲಿಂಡರು ಬಂದ ಮೇಲೂ ಮಣ್ಣಿನ ಒಲೆ ಹಾಕಬಲ್ಲ, ಉರಿಯ ಹದವನ್ನು ಅರಿಯಬಲ್ಲ ಕೈಗಳು ಈ ಸೀಮೆಯಲ್ಲಿ ಇನ್ನೂ ಉಳಿದಿವೆ. ಅಂತಹ ಕೈಗಳಿಗೆ ಇನ್ನೊಂದು ಒಲೆಯ ಪರಿಚಯ ಮಾಡಿಕೊಡುವುದು ನಮ್ಮ ಉದ್ದೇಶ. ಅದು ಲೋಹವನ್ನು ಕರಗಿಸುವ ಚಿಕ್ಕ ಒಲೆ, ಮೂಸೆಯೊಲೆಯೆಂದು ಕರೆಯೋಣ.

ಲೋಹ ಕರಗಿಸುವುದೆಂದರೆ ಕಾರಖಾನೆಯವರ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಅದು ನಿಜವಲ್ಲ. ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು, ಒಡೆದ ಹಂಚು, ಇದ್ದಿಲು ಇವಿಷ್ಟರಿಂದಲೇ ಒಲೆಯನ್ನು ಕಟ್ಟಿ ಉರಿಸಬಹುದು. ಇನ್ನು ಕೆಲವರು ಇದನ್ನು ಬೆಂಕಿಯೊಡನೆ ಸರಸವೆಂದು ಹೆದರುತ್ತಾರೆ. ಹೆದರಿಕೆ ಇರತಕ್ಕದ್ದೇ. ಆದರೆ ಅದು ಬೆಂಕಿಗಿಂತಲೂ ಹೆಚ್ಚಾಗಿ ನೀರಿನ ಕುರಿತು ಇರಬೇಕು. ಈ ಕೆಲಸದಲ್ಲಿ ಬೆಂಕಿ ಕಣ್ಣಿಗೆ ಕಾಣುವ ಶತ್ರು. ತೇವವು ಕಾಣದ ಶತ್ರು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೂ ಬೆವರುವ ನಮ್ಮ ಮಲೆನಾಡಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಮುಂದೆ ಹೇಳುವ ಪ್ರತಿಯೊಂದು ವಿಧಿಯ ಹಿಂದೆಯೂ ಈ ಒಂದು ಕಾರಣವೇ ಇರುವುದನ್ನು ವಾಚಕರು ಗಮನಿಸಬೇಕು.

ನಾವು ಕಂಡ ಮೂರು ಉರಿಗಳು

ಹಳ್ಳಿಯಲ್ಲಿ ಬೆಳೆದವರು ಲೋಹದ ಮೂರು ಉರಿಗಳನ್ನಾದರೂ ಕಂಡಿರುತ್ತಾರೆ. ಮೊದಲನೆಯದು ಕಲಾಯಿಯವನದು. ಅವನು ಅಂಗಳದಲ್ಲಿ ಚಿಕ್ಕ ಕುಳಿ ತೋಡಿ, ತಿದಿಯ ಮೂತಿಯನ್ನು ಅದಕ್ಕೆ ಕೂಡಿಸಿ, ಇದ್ದಿಲು ಹೊತ್ತಿಸಿ, ಹಿತ್ತಾಳೆಯ ಪಾತ್ರೆಯನ್ನು ಕಾಯಿಸುತ್ತಿದ್ದನು. ನವಸಾಗರದ ಪುಡಿ ಹಾಕಿದೊಡನೆ ಬಿಳಿಯ ಹೊಗೆ ಏಳುವುದು. ತವರದ ಕಡ್ಡಿಯನ್ನು ಮುಟ್ಟಿಸಿ ಅರಿವೆಯಿಂದ ಒರಸಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುವುದು. ತವರವು ೨೩೨ ಅಂಶ ಸೆಂಟಿಗ್ರೇಡಿನಲ್ಲಿಯೇ ಕರಗುವುದರಿಂದ ಅವನಿಗೆ ಅಷ್ಟು ಚಿಕ್ಕ ಒಲೆ ಸಾಕಾಗಿತ್ತು.

ಎರಡನೆಯದು ಅಕ್ಕಸಾಲಿಗನ ಅಗ್ಗಿಷ್ಟಿಕೆ. ಬೆಳ್ಳಿಗೆ ೯೬೨, ಬಂಗಾರಕ್ಕೆ ೧೦೬೪ ಅಂಶ ಬೇಕು. ಆದರೂ ಅವನ ಒಲೆ ಒಂದು ಮಡಕೆಯಷ್ಟೇ ದೊಡ್ಡದು. ಕರಗಿಸತಕ್ಕ ಲೋಹವು ಕೆಲವೇ ಗ್ರಾಮುಗಳಷ್ಟಾದುದರಿಂದ ಊದುಗೊಳವೆಯ ಗಾಳಿಯಿಂದಲೇ ಅಷ್ಟು ಉರಿಯನ್ನು ಒಂದು ಚುಕ್ಕೆಯ ಮೇಲೆ ನಿಲ್ಲಿಸುತ್ತಾನೆ.

ಮೂರನೆಯದು ಆಚಾರಿಯ ಕುಲುಮೆ. ನಮ್ಮ ತೋಟಿಗರ ಕತ್ತಿ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲವೂ ಹುಟ್ಟಿದುದು ಅಲ್ಲಿ. ಆದರೆ ಕುಲುಮೆಯಲ್ಲಿ ಕಬ್ಬಿಣವು ಕರಗುವುದಿಲ್ಲ. ಅದು ಕೆಂಪಾಗಿ, ಕಿತ್ತಳೆಯಾಗಿ, ಮೆತ್ತಗಾಗುವುದಷ್ಟೆ. ಆಮೇಲೆ ಸುತ್ತಿಗೆಯ ಪೆಟ್ಟು ಅದಕ್ಕೆ ರೂಪವನ್ನು ಕೊಡುವುದು. ಶುದ್ಧವಾದ ಕಬ್ಬಿಣ ಕರಗಲು ೧೫೩೮ ಅಂಶದ ಉಷ್ಣತೆ ಬೇಕು. ಮನೆಯಂಗಳದ ಒಲೆ ಆ ಆಸೆಯನ್ನು ಇಟ್ಟುಕೊಳ್ಳಬಾರದು. ನಮ್ಮ ಒಲೆಗೆ ತಕ್ಕುದು ಅಲ್ಯುಮಿನಿಯಂ. ಅದು ೬೬೦ ಅಂಶದಲ್ಲಿ ಕರಗುವುದು. ಕೈ ಪಳಗಿದ ಬಳಿಕ, ಒಳ್ಳೆಯ ಮೂಸೆ ದೊರೆತರೆ, ಕಂಚಿನವರೆಗೂ ಹೋಗಬಹುದು. ತಾಮ್ರವೊಂದೇ ಇದ್ದರೆ ೧೦೮೫ ಅಂಶ ಬೇಕು. ಅದಕ್ಕೆ ತವರವನ್ನು ಕೂಡಿಸಿ ಗಂಟೆಯ ಕಂಚನ್ನು ಮಾಡಿದಾಗ, ಅಂದರೆ ನೂರರಲ್ಲಿ ಸುಮಾರು ೭೮ ಪಾಲು ತಾಮ್ರ ೨೨ ಪಾಲು ತವರ ಇದ್ದಾಗ, ಸುಮಾರು ಇನ್ನೂರು ಅಂಶ ಕಡಿಮೆಯ ಉರಿಯಲ್ಲಿಯೇ ಅದು ನೀರಾಗುವುದು. ಪೂರ್ವಿಕರು ಗಂಟೆಗಳಿಗೆ ಈ ಮಿಶ್ರಲೋಹವನ್ನು ಆರಿಸಿಕೊಂಡುದು ನಾದಕ್ಕಾಗಿ. ಎರಕದವನಿಗೆ ಉರಿಯ ಉಳಿತಾಯವೂ ಅದರೊಡನೆ ಒದಗಿತು.

ಉರಿ ಹೆಚ್ಚುವುದು ಹೇಗೆ

ಅಡಿಗೆಯ ಒಲೆಯಲ್ಲಿ ಎಷ್ಟು ಸೌದೆ ಒಟ್ಟಿದರೂ ಅಲ್ಯುಮಿನಿಯಮ್ಮಿನ ಒಂದು ಗಟ್ಟಿ ಸುಲಭವಾಗಿ ಕರಗದು. ಅಷ್ಟೇ ಅಗಲದ ಮೂಸೆಯೊಲೆಯಲ್ಲಿ ಒಂದು ಬುಟ್ಟಿ ಇದ್ದಿಲಿನಿಂದ ಅದು ನೀರಾಗುವುದು. ಕಾರಣಗಳು ಮೂರು.

ಮೊದಲನೆಯದು ಇದ್ದಿಲು. ಸೌದೆಯಲ್ಲಿ ನೀರು ಅಡಗಿರುವುದು. ಆ ನೀರನ್ನು ಆವಿ ಮಾಡುವುದರಲ್ಲಿಯೇ ಶಾಖದ ಒಂದು ಪಾಲು ವ್ಯಯವಾಗುವುದು. ಇದ್ದಿಲಿನಲ್ಲಿ ನೀರು ಮೊದಲೇ ಹೋಗಿರುವುದರಿಂದ ತೂಕಕ್ಕೆ ತೂಕ ನೋಡಿದರೆ ಅದು ಸೌದೆಯ ಸುಮಾರು ಎರಡರಷ್ಟು ಶಾಖ ಕೊಡುವುದು. ಎರಡನೆಯದು ಗಾಳಿ. ಇದ್ದಿಲು ಎಷ್ಟು ಬೇಗ ಉರಿಯಬೇಕೆಂಬುದನ್ನು ನಿರ್ಣಯಿಸುವುದು ಅದಕ್ಕೆ ಸಿಕ್ಕುವ ಗಾಳಿ. ಮೂರನೆಯದು ಗೋಡೆ. ಹುಟ್ಟಿದ ಶಾಖವು ಹೊರಗೆ ಹರಿದು ಹೋಗದಂತೆ ತಡೆಯುವುದು ಅದರ ಕೆಲಸ.

ಒಂದು ಲೆಕ್ಕವನ್ನು ನೋಡೋಣ. ಒಂದು ಕಿಲೋ ಅಲ್ಯುಮಿನಿಯಮ್ಮನ್ನು ಕಾಯಿಸಿ ಕರಗಿಸಲು ಬೇಕಾಗುವ ಶಾಖವು ಒಂದು ಕಿಲೋ ಒಳ್ಳೆಯ ಇದ್ದಿಲಿನ ಶಾಖದಲ್ಲಿ ಸರಿಸುಮಾರು ಮೂವತ್ತರಲ್ಲೊಂದು ಪಾಲು ಮಾತ್ರ. ಆದರೂ ನಡೆಸಿ ನೋಡಿದಾಗ ಒಂದು ಕಿಲೋ ಲೋಹಕ್ಕೆ ಒಂದೆರಡು ಕಿಲೋ ಇದ್ದಿಲು ತಗಲುವುದುಂಟು. ಉಳಿದುದೆಲ್ಲ ಎಲ್ಲಿ ಹೋಯಿತು? ಗೋಡೆ ಕಾಯುವುದಕ್ಕೆ, ಬಾಯಿಯಿಂದ ಹೊರಬೀಳುವ ಬಿಸಿಗಾಳಿಗೆ, ಒಲೆಯ ಮಣ್ಣಿನಲ್ಲಿ ಉಳಿದ ತೇವಕ್ಕೆ. ಆದುದರಿಂದ ಜಾಣನಾದವನು ಇದ್ದಿಲನ್ನು ಹೆಚ್ಚಿಸುವ ಮೊದಲು ಗೋಡೆಯನ್ನು ದಪ್ಪ ಮಾಡುವನು, ಮುಚ್ಚಳವನ್ನು ಹೊಂದಿಸುವನು, ಒಲೆಯನ್ನು ಒಣಗಿಸುವನು.

ಸ್ಥಳವೂ ಕಾಲವೂ

ದೀಪಾವಳಿ ಕಳೆದು ಮಳೆಯ ನೆನಪು ನೆಲದಿಂದ ಆರಿದ ಮೇಲೆ ಈ ಕೆಲಸಕ್ಕೆ ಕೈಹಾಕಬೇಕು. ಜನವರಿಯಿಂದ ಏಪ್ರಿಲಿನವರೆಗಿನ ಕಾಲ ಉತ್ತಮ. ಆದರೆ ಆ ಕಾಲದಲ್ಲಿ ಸುತ್ತಲಿನ ಸೊಪ್ಪಿನಬೆಟ್ಟದ ತರಗೆಲೆಯೆಲ್ಲ ಒಂದು ಕಿಡಿಗಾಗಿ ಕಾದಿರುವುದನ್ನು ಮರೆಯಬಾರದು. ಹುಲ್ಲಿನ ಗೊಣಬೆ, ಕೊಟ್ಟಿಗೆ, ಸೋಗೆಯ ಚಪ್ಪರ ಇವುಗಳಿಂದ ದೂರವಾಗಿ, ಗಾಳಿ ಬಲವಾಗಿ ಬೀಸದ ಬಯಲಿನಲ್ಲಿ ಒಲೆಯನ್ನು ಹೂಡಬೇಕು. ಮನೆಯೊಳಗೆ, ಬಚ್ಚಲಲ್ಲಿ, ಮುಚ್ಚಿದ ಕೋಣೆಯಲ್ಲಿ ಹೂಡಲೇಬಾರದು. ಉರಿಯುವ ಇದ್ದಿಲಿನಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಾಯುವು ಹೊರಡುವುದು. ಅದನ್ನು ಉಸಿರಾಡಿದವನಿಗೆ ಮೊದಲು ತಲೆನೋವು, ಆಮೇಲೆ ಮಂಪರು. ಎಚ್ಚರಗೊಳ್ಳದೆ ಪ್ರಾಣವೇ ಹೋಗುವ ಸಂಭವವುಂಟು.

ಒಲೆಯ ಸುತ್ತಲಿನ ನೆಲವನ್ನೂ ಯೋಚಿಸಬೇಕು. ಸಿಮೆಂಟಿನ ನೆಲ ನೋಡಲು ಒಣಗಿದ್ದರೂ ಒಡಲಲ್ಲಿ ನೀರನ್ನು ಇಟ್ಟುಕೊಂಡಿರುವುದು. ಕಾದ ಲೋಹ ಅದರ ಮೇಲೆ ಬಿದ್ದರೆ ಆ ನೀರು ಒಮ್ಮೆಲೆ ಆವಿಯಾಗಿ ಸಿಮೆಂಟಿನ ಚೂರುಗಳನ್ನು ಸಿಡಿಸುವುದು. ಸಗಣಿ ಸಾರಿಸಿದ ಅಂಗಳಕ್ಕೂ ಇದೇ ದೋಷ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮರಳನ್ನು ಮೂರು ಅಂಗುಲ ದಪ್ಪಕ್ಕೆ ಹರಡಿ, ಅದರ ಮೇಲೆ ನಿಂತು ಕೆಲಸ ಮಾಡತಕ್ಕದ್ದು. ಚೆಲ್ಲಿದ ಲೋಹವು ಮರಳಿನಲ್ಲಿ ಸುಮ್ಮನೆ ಹೆಪ್ಪುಗಟ್ಟುವುದು.

ಒಲೆಯ ಕಟ್ಟಡ

ಹಳೆಯ ಕಬ್ಬಿಣದ ಡಬ್ಬಿಯೊಂದನ್ನು ಹೊರಕವಚವಾಗಿ ತೆಗೆದುಕೊಳ್ಳಬೇಕು. ಅಗಲ ೧೨ ಅಂಗುಲ, ಎತ್ತರ ೧೪ ಅಂಗುಲ ಇದ್ದರೆ ಸಾಕು. ಒಳಗೆ ಎರಡೂವರೆ ಅಂಗುಲ ದಪ್ಪದ ಮಣ್ಣಿನ ಗೋಡೆ ಕಟ್ಟಿದರೆ ನಡುವೆ ಏಳು ಅಂಗುಲದ ಬಾವಿ ಉಳಿಯುವುದು. ನಾಲ್ಕು ಅಂಗುಲ ಅಗಲದ ಮೂಸೆ ಅದರಲ್ಲಿ ನಿಂತರೆ ಸುತ್ತಲೂ ಒಂದೂವರೆ ಅಂಗುಲ ತೆರವು. ಅಡಿಕೆ ಗಾತ್ರದ ಇದ್ದಿಲಿನ ಚೂರುಗಳು ಅಲ್ಲಿ ಸಲೀಸಾಗಿ ಇಳಿಯುವುವು. ತಳದ ಮಣ್ಣೂ ಎರಡೂವರೆ ಅಂಗುಲವಿರಲಿ.

ಕೆಂಪು ಜಂಬಿಟ್ಟಿಗೆಯ ಕಲ್ಲು ನಮ್ಮಲ್ಲಿ ಧಾರಾಳವಾಗಿ ಸಿಕ್ಕುವುದಾದರೂ ಒಲೆಯ ಒಳಮೈಗೆ ಅದು ಸಲ್ಲದು. ಅದರ ತೂತುಗಳಲ್ಲಿ ನೀರು ಅಡಗಿರುವುದು. ಹೊಳೆಯ ನುಣುಪುಗಲ್ಲು ಇನ್ನೂ ಕೆಟ್ಟದು. ಬೆಂಕಿಯಲ್ಲಿ ಅದು ಸಿಡಿಯುವ ಭಯವುಂಟು. ಮಣ್ಣಿನ ಮಿಶ್ರಣವೇ ಲೇಸು. ಹುತ್ತದ ಮಣ್ಣು ಒಂದು ಪಾಲು, ಜರಡಿಯಾಡಿದ ಮರಳು ಒಂದು ಪಾಲು, ಹಳೆಯ ಮಂಗಳೂರು ಹಂಚನ್ನು ಕುಟ್ಟಿದ ಪುಡಿ ಒಂದು ಪಾಲು, ಭತ್ತದ ಹೊಟ್ಟು ಒಂದು ಪಾಲು. ಇವನ್ನು ಕಲಸಿ, ಮುದ್ದೆ ಕಟ್ಟುವಷ್ಟು ಮಾತ್ರ ನೀರು ಹಾಕಿ, ಒಂದು ರಾತ್ರಿ ಮುಚ್ಚಿಟ್ಟು, ಮರುದಿನ ತುಳಿದು ಹದ ಮಾಡಬೇಕು. ಮಣ್ಣು ಅಂಟನ್ನು ಕೊಡುವುದು. ಮರಳು ಮತ್ತು ಹಂಚಿನ ಪುಡಿ ಒಣಗುವಾಗ ಕುಗ್ಗದೆ ಬಿರುಕನ್ನು ತಡೆಯುವುವು. ಹಂಚು ಒಮ್ಮೆ ಬೆಂಕಿಯನ್ನು ಕಂಡುಬಂದ ಮಣ್ಣಾದುದರಿಂದ ಮತ್ತೊಮ್ಮೆ ಬೆಂಕಿಗೆ ಬೆದರದು. ಹೊಟ್ಟು ಮೊದಲ ಉರಿಯಲ್ಲಿ ಸುಟ್ಟು, ಗೋಡೆಯಲ್ಲಿ ಸಣ್ಣ ತೂತುಗಳನ್ನು ಬಿಟ್ಟುಹೋಗುವುದು. ಅವುಗಳಲ್ಲಿ ನಿಂತ ಗಾಳಿಯು ಶಾಖವನ್ನು ತಡೆಯುವುದು. ಉಳಿಯುವ ಬೂದಿಯೂ ಬಹುಮಟ್ಟಿಗೆ ಮರಳಿನ ಸತ್ವವೇ ಆದುದರಿಂದ ಉರಿಗೆ ನಿಲ್ಲುವುದು. ಅಲ್ಯುಮಿನಿಯಮ್ಮಿಗೆ ಈ ಗೋಡೆ ಸಾಕು. ಕಂಚನ್ನು ಕರಗಿಸುವವರು ಒಳಮೈಗೆ ಅಂಗಡಿಯಲ್ಲಿ ಸಿಕ್ಕುವ ಬೆಂಕಿಯಿಟ್ಟಿಗೆಯನ್ನೂ ಅದರ ಮಣ್ಣನ್ನೂ ಬಳಸುವುದು ಒಳ್ಳೆಯದು.

ತಳದಿಂದ ಎರಡು ಅಂಗುಲ ಮೇಲೆ, ಒಂದೂಕಾಲು ಅಂಗುಲದ ಕಬ್ಬಿಣದ ಕೊಳವೆಯೊಂದು ಗೋಡೆಯನ್ನು ಹಾದು ಬರಬೇಕು. ಅದನ್ನು ನಡುವಿಗೆ ನೇರವಾಗಿ ಗುರಿಯಿಡದೆ, ಗೋಡೆಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಇಟ್ಟರೆ, ಗಾಳಿಯು ಮೂಸೆಯನ್ನು ಸುತ್ತಿ ಸುತ್ತಿ ಮೇಲೇರುವುದು; ಒಂದೇ ಕಡೆ ಉರಿ ಬಡಿದು ಮೂಸೆ ಒಡೆಯುವುದಿಲ್ಲ. ಬಾಯಿಗೆ ಎರಡು ಅಂಗುಲ ದಪ್ಪದ ಮುಚ್ಚಳ, ಅದರ ನಡುವೆ ಮೂರು ಅಂಗುಲದ ಕಿಂಡಿ ಇರಲಿ. ಮುಚ್ಚಳಕ್ಕೆ ಕಬ್ಬಿಣದ ಹಿಡಿಯನ್ನು ಮಣ್ಣು ಹಸಿಯಾಗಿರುವಾಗಲೇ ಕೂಡಿಸಬೇಕು.

ಕಟ್ಟುವುದು ಅರ್ಧ ದಿನದ ಕೆಲಸ. ಒಣಗಿಸುವುದು ಹದಿನೈದು ದಿನದ ಕೆಲಸ. ಹತ್ತು ದಿನ ನೆರಳಿನಲ್ಲಿ ಆರಬೇಕು. ಬಿಸಿಲಿಗೆ ಇಟ್ಟರೆ ಹೊರಮೈ ಬೇಗನೆ ಒಣಗಿ ಒಳಮೈ ಹಸಿಯಾಗಿ ಉಳಿದು ಬಿರುಕು ಬಿಡುವುದು. ಆಮೇಲೆ ಗಾಳಿಯೂದದೆ ಒಂದು ಹಿಡಿ ಕೆಂಡದಿಂದ ಒಂದು ಗಂಟೆ; ಮರುದಿನ ಎರಡು ಗಂಟೆ; ಹೀಗೆ ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ತಣ್ಣನೆಯ ಸ್ಟೀಲು ತಟ್ಟೆಯೊಂದನ್ನು ಬಾಯಿಯ ಮೇಲೆ ಒಂದು ಕ್ಷಣ ಹಿಡಿದು ನೋಡಿದರೆ, ಗೋಡೆಯಲ್ಲಿ ತೇವವಿದ್ದಲ್ಲಿ ತಟ್ಟೆ ಬೆವರುವುದು. ಬೆವರು ನಿಂತ ದಿನ ಒಲೆ ಸಿದ್ಧವಾಯಿತೆಂದು ತಿಳಿಯಬಹುದು. ಬಿರುಕುಗಳಿದ್ದರೆ ಅದೇ ಮಣ್ಣಿನಿಂದ ಮೆತ್ತಿ ಮತ್ತೆ ಒಣಗಿಸಬೇಕು. ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷವೂ ಈ ಒಣಗಿಸುವ ವಿಧಿಯನ್ನು ಮೊದಲಿನಿಂದ ನಡೆಸತಕ್ಕದ್ದು. ಆರು ತಿಂಗಳು ಮೂಲೆಯಲ್ಲಿ ಕುಳಿತ ಒಲೆಯು ಅಷ್ಟು ನೀರನ್ನು ಕುಡಿದಿರುವುದು.

ಮೂಸೆ

ಒಲೆಗಿಂತಲೂ ಮೂಸೆ ಮುಖ್ಯ. ಈ ವಿದ್ಯೆಯಲ್ಲಿ ಕನ್ನಡ ನಾಡು ಒಂದು ಕಾಲಕ್ಕೆ ಜಗತ್ತಿಗೇ ಪಾಠ ಹೇಳಿದ್ದಿತು. ೧೮೦೦-೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸೀಮೆಗಳನ್ನು ಸಂಚರಿಸಿ ಬರೆದ ಪ್ರವಾಸಕಥನವು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ೧೮೦೧ರಲ್ಲಿ ಆತನು ನಮ್ಮ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನೂ ಹಾದುಹೋದನು. ಅದಕ್ಕೆ ಮೊದಲು ತುಮಕೂರು ಸೀಮೆಯ ಚೆನ್ನರಾಯನದುರ್ಗದ ಕಡೆಯಲ್ಲಿ ಉಕ್ಕನ್ನು ಮಾಡುವ ಕ್ರಮವನ್ನು ಆತನು ವಿವರವಾಗಿ ಬರೆದುಕೊಂಡಿದ್ದನು. ಸುಡದ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಬಳ್ಳಿಯೊಂದರ ಎರಡು ಹಸಿರೆಲೆ ಇವನ್ನಿಟ್ಟು, ಮಣ್ಣಿನ ಮುಚ್ಚಳ ಹಾಕಿ, ಸಂದನ್ನು ಮೆತ್ತಿ, ಹೀಗೆ ತುಂಬಿದ ಮೂಸೆಗಳನ್ನು ಬೆಂಕಿಯ ಬಳಿ ಚೆನ್ನಾಗಿ ಒಣಗಿಸಿದ ಮೇಲೆಯೇ ಒಲೆಗೆ ಇಡುತ್ತಿದ್ದರು. ಕಡ್ಡಿಯೂ ಎಲೆಯೂ ಸುಟ್ಟು ಅದರ ಇಂಗಾಲವು ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಇಂಗ್ಲಿಷಿನವರು ‘ವೂಟ್ಸ್’ ಎಂದು ಕರೆದ ಉಕ್ಕು ಇಂಥದೇ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದ ಬಂದಿತೆಂದು ವಿದ್ವಾಂಸರ ಅಭಿಪ್ರಾಯ. ೧೭೯೫ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ವಿಷಯವಾಗಿ ಲೇಖನವನ್ನು ಓದಿದ್ದರು. ದಖ್ಖಣದ ಹಳೆಯ ಉಕ್ಕಿನ ನೆಲೆಗಳಲ್ಲಿ ಸಿಕ್ಕಿದ ಮೂಸೆಯ ಚೂರುಗಳಲ್ಲಿ ಸುಟ್ಟ ಭತ್ತದ ಹೊಟ್ಟಿನ ಗುರುತು ಇಂದಿಗೂ ಕಾಣುವುದು. ನಾವು ಗೋಡೆಗೆ ಸೇರಿಸಿದ ಹೊಟ್ಟಿಗೆ ಅಷ್ಟು ಹಿಂದಿನ ಆಧಾರವುಂಟು.

ಆದರೆ ಅಂತಹ ಮೂಸೆಯನ್ನು ಮಾಡುವ ಕೈ ಒಂದು ದಿನದಲ್ಲಿ ಬರುವುದಲ್ಲ. ಮೂಸೆಯು ತುಂಬಿದಾಗಲೇ ಒಡೆದರೆ ಅನಾಹುತವಾಗುವುದರಿಂದ ಹೊಸಬರು ಗ್ರಾಫೈಟು ಮತ್ತು ಮಣ್ಣು ಸೇರಿಸಿ ಮಾಡಿದ ಸಿದ್ಧ ಮೂಸೆಯನ್ನು ಕೊಂಡುಕೊಳ್ಳುವುದೇ ಲೇಸು. ನಾಲ್ಕು ಅಂಗುಲ ಅಗಲ, ಐದು ಅಂಗುಲ ಎತ್ತರದ್ದರಲ್ಲಿ ಮುಕ್ಕಾಲು ತುಂಬದಂತೆ ಒಂದು ಕಿಲೋ ಅಲ್ಯುಮಿನಿಯಂ ನಿರಾತಂಕವಾಗಿ ಕರಗುವುದು. ಅದನ್ನು ಮೊದಲ ಸಲ ಬರಿದಾಗಿಯೇ ಮೆಲ್ಲಮೆಲ್ಲನೆ ಕಾಯಿಸಿ ತೇವವನ್ನು ತೆಗೆಯಬೇಕು. ತಗಡಿನ ಡಬ್ಬಿಗಳನ್ನು ಮೂಸೆಯಾಗಿ ನಂಬಲಾಗದು. ಮೂಸೆಯನ್ನು ಎತ್ತುವ ಇಕ್ಕಳವು ಅದರ ಸೊಂಟವನ್ನು ಎರಡು ಕಡೆಯಿಂದಲೂ ತಬ್ಬಿ ಹಿಡಿಯುವಂತಿರಬೇಕು. ಊರಿನ ಆಚಾರಿಯ ಬಳಿ ಮೂಸೆಯನ್ನೇ ಒಯ್ದು, ಅದರ ಅಳತೆಗೆ ಮಾಡಿಸಿಕೊಳ್ಳುವುದು ಬುದ್ಧಿವಂತಿಕೆ. ಇಕ್ಕಳದ ಹಣವನ್ನು ಉಳಿಸಹೋದವನು ಕಾಲನ್ನು ಒತ್ತೆಯಿಟ್ಟಂತೆ.

ಕರಗಿಸುವ ಕ್ರಮ

ಮೈಮೇಲೆ ದಪ್ಪ ಹತ್ತಿಯ ಬಟ್ಟೆ, ಕಾಲಿಗೆ ಪಾದ ಮುಚ್ಚುವ ಚರ್ಮದ ಜೋಡು, ಕೈಗೆ ಒಣಗಿದ ಚರ್ಮದ ಕೈಚೀಲ, ಕಣ್ಣಿಗೆ ಕನ್ನಡಕ ಇರಬೇಕು. ನೈಲಾನು, ಪಾಲಿಯೆಸ್ಟರುಗಳು ಕಿಡಿ ತಗಲಿದರೆ ಕರಗಿ ಚರ್ಮಕ್ಕೆ ಅಂಟುವುವು. ಪಂಚೆಯ ಚುಂಗು, ಸೀರೆಯ ಸೆರಗು ಜೋಲಾಡಬಾರದು. ಮಕ್ಕಳು ಹತ್ತು ಮಾರು ದೂರದಲ್ಲಿ ಜಗಲಿಯ ಮೇಲಿರಲಿ. ನಾಯಿ, ದನಕರುಗಳು ಕಟ್ಟಿನಲ್ಲಿರಲಿ.

ತಳದಲ್ಲಿ ಎರಡು ಅಂಗುಲ ಎತ್ತರದ ಬೆಂಕಿಯಿಟ್ಟಿಗೆಯ ತುಂಡನ್ನಿಟ್ಟು ಅದರ ಮೇಲೆ ಮೂಸೆಯನ್ನು ಕೂರಿಸಬೇಕು. ಸುತ್ತ ಇದ್ದಿಲು ತುಂಬಿ, ಕೆಂಡ ಹಾಕಿ, ಮೊದಲು ಹತ್ತು ನಿಮಿಷ ಮೆಲ್ಲನೆ, ಆಮೇಲೆ ಸಮವಾಗಿ ಗಾಳಿಯೂದಬೇಕು. ಹಿಂದೆ ತೊಗಲಿನ ತಿದಿ ಮಾಡುತ್ತಿದ್ದ ಕೆಲಸವನ್ನು ಇಂದು ಕೈಯಿಂದ ತಿರುಗಿಸುವ ಗಾಳಿಯಂತ್ರವಾಗಲಿ ವಿದ್ಯುತ್ತಿನ ಚಿಕ್ಕ ಬೀಸಣಿಗೆಯಾಗಲಿ ಮಾಡುವುದು. ಗಾಳಿ ನಿಂತಾಗ ಉರಿಯು ಹಿಂದಕ್ಕೆ ಕೊಳವೆಯೊಳಗೆ ಬಾರದಂತೆ ಯಂತ್ರವನ್ನು ಒಂದು ಮಾರು ದೂರವಿಡಬೇಕು. ಇದ್ದಿಲಿನ ವಿಷಯದಲ್ಲಿ ಒಂದು ಮಾತು: ಅಪ್ಪಣೆಯಿಲ್ಲದೆ ಅರಣ್ಯದ ಮರವನ್ನು ಸುಟ್ಟು ಇದ್ದಿಲು ಮಾಡುವುದನ್ನು ಕಾನೂನು ಒಪ್ಪದು, ಮನೆಯಲ್ಲಿ ಬಿಸಾಡುವ ತೆಂಗಿನ ಕರಟದ ಇದ್ದಿಲು ಉತ್ತಮವಾದುದು, ದುಡ್ಡೂ ಬೇಡ.

ಉರಿಯ ಬಣ್ಣವೇ ನಮ್ಮ ಉಷ್ಣಮಾಪಕ. ಮೂಸೆಯು ಮುರುಗಲ ಹಣ್ಣಿನ ಕಡುಗೆಂಪಿಗೆ ಬಂದಾಗ ಸುಮಾರು ೭೦೦ ಅಂಶ. ಹಣ್ಣಡಿಕೆಯ ಕಿತ್ತಳೆ ಬಣ್ಣಕ್ಕೆ ಬಂದಾಗ ೯೦೦ರಿಂದ ೧೦೦೦. ಹಳದಿಗೆ ತಿರುಗಿದಾಗ ೧೧೦೦ಕ್ಕೆ ಹತ್ತಿರ. ಅಲ್ಯುಮಿನಿಯಮ್ಮಿಗೆ ಮೊದಲನೆಯದೇ ಸಾಕು. ಹಗಲ ಬೆಳಕಿನಲ್ಲಿ ಆ ಲೋಹವು ಕೆಂಪಾಗದೆಯೇ ಕರಗಿ ಪಾದರಸದಂತೆ ಹೊಳೆಯುವುದು. ಕೆಂಪಾಗಲೆಂದು ಕಾಯುತ್ತ ಕುಳಿತರೆ ಅತಿಯಾಗಿ ಕಾದು ಕೆಡುವುದು. ಒಲೆ ಚೆನ್ನಾಗಿ ಕಾದ ಮೇಲೆ ಒಂದು ಕಿಲೋಗೆ ಸುಮಾರು ಅರ್ಧ ಗಂಟೆ ಸಾಕು. ಮೇಲೆ ಕಟ್ಟುವ ಬೂದುಬಣ್ಣದ ಕೆನೆಯನ್ನು ಕಾಯಿಸಿದ ಕಬ್ಬಿಣದ ಸಟ್ಟುಗದಿಂದ ತೆಗೆದು, ಮೂಸೆಯನ್ನು ಎತ್ತಿ, ತಡೆಯಿಲ್ಲದೆ ಒಂದೇ ಧಾರೆಯಾಗಿ ಅಚ್ಚಿಗೆ ಎರೆಯಬೇಕು.

ಮೊದಲ ಎರಕಕ್ಕೆ ಅಚ್ಚಾಗಿ ಹಳೆಯ ಎರಕದ ಕಬ್ಬಿಣದ ಪಡ್ಡಿನ ಕಾವಲಿ ಸಾಕು. ಚಿಕ್ಕ ಚಿಕ್ಕ ಗಟ್ಟಿಗಳು ಸಿದ್ಧವಾಗುವುವು. ಎರೆಯುವ ಮೊದಲು ಅದನ್ನು ಒಲೆಯ ಮುಚ್ಚಳದ ಬಳಿಯಿಟ್ಟು ಕೈಯಲ್ಲಿ ಮುಟ್ಟಲಾಗದಷ್ಟು ಕಾಯಿಸತಕ್ಕದ್ದು. ಒಮ್ಮೆ ಲೋಹ ಎರೆದ ಕಾವಲಿಯನ್ನು ಮತ್ತೆ ಅಡಿಗೆಮನೆಗೆ ಸೇರಿಸಬಾರದು.

ನೀರೆಂಬ ಶತ್ರು

ಒಂದು ಹನಿ ನೀರು ಆವಿಯಾದರೆ ಸುಮಾರು ೧೬೦೦ ಪಟ್ಟು ಹಿಗ್ಗುವುದು. ಬಯಲಿನಲ್ಲಿ ಹಿಗ್ಗಿದರೆ ಬಾಧೆಯಿಲ್ಲ. ೭೦೦ ಅಂಶಕ್ಕೆ ಕಾದ ಲೋಹದ ಅಡಿಯಲ್ಲಿ ಹಿಗ್ಗಿದರೆ, ಮೇಲಿರುವ ಲೋಹವನ್ನೆಲ್ಲ ಎತ್ತಿ ಎಸೆಯುವುದು. ಒದ್ದೆಯಾದ ಅಚ್ಚು, ಹೊರಗಿಂದ ತಂದು ಹಾಗೆಯೇ ಅದ್ದಿದ ಸಟ್ಟುಗ, ಹಣೆಯಿಂದ ಉದುರಿದ ಬೆವರು, ಮೂಸೆಗೆ ಹಾಕಿದ ತಂಪುಪಾನೀಯದ ಡಬ್ಬಿಯ ತಳದಲ್ಲಿ ಉಳಿದ ಎರಡು ಹನಿ, ಇವೆಲ್ಲ ಒಂದೇ ಜಾತಿಯ ಅಪಾಯಗಳು. ಆದುದರಿಂದ ನಿಯಮವು ಒಂದೇ: ಕರಗಿದ ಲೋಹವನ್ನು ಮುಟ್ಟತಕ್ಕ ಯಾವ ವಸ್ತುವಾದರೂ ಮೊದಲು ಒಲೆಯ ಬಾಯಿಯ ಬಳಿ ಕಾದು ಬರಬೇಕು. ಕರಗಿಸತಕ್ಕ ಚೂರುಗಳನ್ನೂ ಮುಚ್ಚಳದ ಮೇಲಿಟ್ಟು ಕಾಯಿಸಿಯೇ ಮೂಸೆಗೆ ಇಳಿಸಬೇಕು.

ತೇವವು ಕೆಲಸಗಾರನನ್ನು ಬಿಟ್ಟರೂ ಕೆಲಸವನ್ನು ಬಿಡದು. ಕರಗಿದ ಅಲ್ಯುಮಿನಿಯಮ್ಮು ನೀರಿನ ಆವಿಯನ್ನು ಒಡೆದು ಅದರೊಳಗಿನ ಜಲಜನಕವನ್ನು ಹೀರಿಕೊಳ್ಳುವುದು. ಹೆಪ್ಪುಗಟ್ಟುವಾಗ ಆ ಅನಿಲವು ಹೊರಬರಲು ದಾರಿಗಾಣದೆ ಸೂಜಿಮೊನೆಯಂತಹ ತೂತುಗಳನ್ನು ಉಳಿಸುವುದು. ಮೇಲೆ ನಯವಾಗಿ ಕಂಡ ಎರಕವನ್ನು ಗರಗಸದಿಂದ ಕೊಯ್ದಾಗ ಒಳಗೆ ದೋಸೆಯಂತೆ ಕಂಡರೆ ದೋಷವು ತೇವದ್ದೆಂದು ತಿಳಿಯಬಹುದು.

ಹಾಗೆಂದು ನೀರನ್ನು ಮನೆಯಿಂದ ಹೊರಹಾಕಬಾರದು. ಚರ್ಮ ಸುಟ್ಟರೆ ತಣ್ಣನೆಯ ಹರಿಯುವ ನೀರನ್ನು ಇಪ್ಪತ್ತು ನಿಮಿಷ ಬಿಡುವುದೇ ಮೊದಲ ಚಿಕಿತ್ಸೆ, ಆಮೇಲೆ ವೈದ್ಯರು. ಆದುದರಿಂದ ನೀರಿನ ಕೊಡಗಳು ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿರಲಿ. ಒಲೆಯ ಬಳಿ ಬೆಂಕಿಯಾರಿಸಲು ಒಣ ಮರಳಿನ ಬುಟ್ಟಿಗಳಿರಲಿ. ಚೆಲ್ಲಿದ ಲೋಹಕ್ಕೆ ನೀರೆರಚುವವನು ಬೆಂಕಿಯನ್ನು ಆರಿಸುವುದಿಲ್ಲ, ಹರಡುತ್ತಾನೆ.

ಏನನ್ನು ಕರಗಿಸಬಾರದು

ಸತುವು ೪೨೦ ಅಂಶದಲ್ಲಿ ಕರಗಿ ೯೦೭ ಅಂಶದಲ್ಲಿ ಕುದಿಯುವುದು. ಹಿತ್ತಾಳೆಯಲ್ಲಿ ಸತುವು ಸೇರಿರುವುದರಿಂದ ಅದು ಕರಗುವ ಹೊತ್ತಿಗೆ ಸತುವಿನ ಬಿಳಿಹೊಗೆ ಏಳುವುದು. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬರುವುದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವುದಾದರೂ ಮೈಗೆ ಹಿತವಲ್ಲ. ಸತುವು ಬಳಿದ ತಗಡು, ಮೊಳೆಗಳಿಗೂ ಇದೇ ಮಾತು. ಸೀಸವನ್ನು, ಹಳೆಯ ಬ್ಯಾಟರಿಗಳನ್ನು ಮನೆಯಲ್ಲಿ ಕರಗಿಸಲೇಬಾರದು. ಅದರ ವಿಷವು ಮಕ್ಕಳ ಮಿದುಳಿಗೆ ತಗಲುವುದು. ಎರಡೂ ಕಡೆ ಮುಚ್ಚಿದ ಕೊಳವೆ, ಡಬ್ಬಿಗಳು ಸಿಡಿಯುವುವು. ಹಳೆಯ ಮೋಟಾರು ಯಂತ್ರಗಳ ಕೆಲವು ಹಗುರ ಭಾಗಗಳು ಮೆಗ್ನೀಶಿಯಮ್ಮಿನವು. ಅವು ಹೊತ್ತಿಕೊಂಡರೆ ನೀರಿನಿಂದ ಇನ್ನಷ್ಟು ಉರಿಯುವುವು. ಗುರುತು ತಿಳಿಯದ ಲೋಹವನ್ನು ಮೂಸೆಗೆ ಹಾಕದಿರುವುದೇ ಕ್ಷೇಮ. ಗುಜರಿಯ ಅಲ್ಯುಮಿನಿಯಮ್ಮಿನಿಂದ ಊಟದ ತಟ್ಟೆ, ಲೋಟಗಳನ್ನೂ ಎರೆಯಬಾರದು. ಅದರಲ್ಲಿ ಏನೇನು ಬೆರೆತಿದೆಯೆಂದು ಕಣ್ಣು ಹೇಳಲಾರದು.

ಇನ್ನೊಂದು ವಸ್ತುವಿನ ವಿಷಯವಾಗಿ ಗೃಹಿಣಿಯರಲ್ಲಿ ನಮ್ಮ ಪ್ರಾರ್ಥನೆ. ಮೆತ್ತಿನ ಮೇಲೆ ಹಳೆಯ ಕಂಚಿನ ಬಟ್ಟಲು, ತಾಮ್ರದ ಚರಿಗೆ, ಹಿತ್ತಾಳೆಯ ಹಂಡೆಗಳು ಬಿದ್ದಿರುವುವು. ಎಷ್ಟೋ ಪಾತ್ರೆಗಳ ಕಂಠದ ಮೇಲೆ ಕೊಟ್ಟವರ, ಕೊಂಡವರ ಹೆಸರುಗಳು ಕೆತ್ತಿರುವುವು. ಗುಜರಿಯವನು ತೂಕಕ್ಕೆ ಕೊಡುವ ದುಡ್ಡಿಗಾಗಲಿ ನಮ್ಮ ಹೊಸ ಒಲೆಯ ಹಸಿವಿಗಾಗಲಿ ಅವನ್ನು ಬಲಿಕೊಡಬಾರದು. ಲೋಹ ಮರಳಿ ಸಿಕ್ಕುವುದು, ಹೆಸರು ಸಿಕ್ಕದು. ಒಡೆದ ಮಿಕ್ಸರಿನ ಮೈ, ಕಿಟಕಿಯ ಚೌಕಟ್ಟಿನ ತುಂಡು, ತೂತಾದ ಪಾತ್ರೆ ಇವು ಒಲೆಗೆ ಸಾಕಷ್ಟು ಆಹಾರ.

ಎರಕದ ಮುಂದಿನ ದಾರಿ

ಗಟ್ಟಿಗಳನ್ನು ಎರೆದು ಕೈ ಪಳಗಿದ ಮೇಲೆ ಬಾಗಿಲ ಹಿಡಿ, ಪೆಟ್ಟಿಗೆಯ ಮೂಲೆಪಟ್ಟಿ, ದೀಪದ ಕಂಬದ ಪೀಠ ಇವನ್ನು ಮರಳಿನ ಅಚ್ಚಿನಲ್ಲಿ ಎರೆಯಬಹುದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟೇ ಹಸಿಯಿರುವ ಮರಳು ಅದಕ್ಕೆ ಬೇಕು. ನೀರೆಂದರೆ ಹೆದರಬೇಕೆಂದ ನಾವು ಇಲ್ಲಿ ಹಸಿ ಮರಳನ್ನು ಹೇಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಮರಳಿನ ಕಣಗಳ ನಡುವೆ ಆವಿಗೆ ಹೊರದಾರಿಯುಂಟು. ಲೋಹವು ಅದನ್ನು ಕೆಳಗೆ ಸೆರೆಹಿಡಿಯಲಾರದು. ಹಿಂಡಿದರೆ ಕೈ ಒದ್ದೆಯಾಗುವ ಮರಳು ಮಾತ್ರ ಅಪಾಯಕರ. ಸೂಜಿಯಿಂದ ಅಲ್ಲಲ್ಲಿ ತೂತು ಚುಚ್ಚಿ ಆವಿಗೆ ಇನ್ನೂ ಸುಲಭವಾದ ದಾರಿಯನ್ನು ಮಾಡಿಕೊಡುವುದು ವಾಡಿಕೆ.

ಮೇಣದ ಎರಕವು ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಬನವಾಸಿ ಹನ್ನೆರಡುಸಾವಿರ ಸೀಮೆಯು ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಗಾಗಿದ್ದ ಕಾಲದಲ್ಲಿ, ಸುಮಾರು ೧೧೩೦ರಲ್ಲಿ, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಮೇಣದ ಮೂರ್ತಿಯ ಮೇಲೆ ಮಣ್ಣನ್ನು ಮೂರು ಸಲ ಬಳಿದು, ನೆರಳಿನಲ್ಲಿ ಒಣಗಿಸಿ, ಮೇಣವನ್ನು ಕರಗಿಸಿ ತೆಗೆದು, ಆ ತೆರವಿಗೆ ಲೋಹವನ್ನು ಎರೆಯುವ ಕ್ರಮ ಅದರಲ್ಲಿದೆ. ಆ ಮಣ್ಣಿಗೆ ಸೇರಿಸತಕ್ಕ ವಸ್ತುಗಳಲ್ಲಿ ಸುಟ್ಟ ಹೊಟ್ಟೂ ಒಂದು. ಮೇಣವನ್ನು ಮೊದಲೇ ತೂಗಿ, ಅದರ ಇಷ್ಟು ಪಟ್ಟು ಲೋಹ ಬೇಕೆಂದು ಲೆಕ್ಕ ಹಾಕುವ ವಿಧಿಯೂ ಇದೆ. ಅದು ಇಂದಿಗೂ ಪ್ರಯೋಜನಕ್ಕೆ ಬರುವ ಉಪಾಯ. ಒಂದು ತೊಲ ಮೇಣದ ತೆರವನ್ನು ತುಂಬಲು ಅಲ್ಯುಮಿನಿಯಮ್ಮು ಸುಮಾರು ಮೂರು ತೊಲ, ತಾಮ್ರವಾದರೆ ಒಂಬತ್ತೂವರೆ ತೊಲ, ಬೆಳ್ಳಿ ಹನ್ನೊಂದು ತೊಲ ಬೇಕು. ಕಾಲುವೆಯಲ್ಲಿ ಉಳಿಯುವುದಕ್ಕೆಂದು ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು. ಲೋಹ ಅರ್ಧದಲ್ಲಿ ಮುಗಿದುಹೋದ ಎರಕಕ್ಕೆ ಮತ್ತೆ ಸೇರಿಸಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಶ್ರಮಪಟ್ಟು ಒಂದು ಬಾಗಿಲ ಹಿಡಿಯನ್ನು ಮಾಡುವುದೇಕೆ, ಅಂಗಡಿಯಲ್ಲಿ ಕೊಂಡರಾಗದೇ ಎಂದು ಕೇಳುವವರಿರಬಹುದು. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿಯಾದುದೇ. ಆದರೆ ಪೇಟೆಯಿಂದ ಬಂದ ಸಾಮಾನು ಮುರಿದೊಡನೆ ಎಸೆಯುವ ಅಭ್ಯಾಸ ಬೆಳೆಯುತ್ತಿರುವ ಈ ದಿನಗಳಲ್ಲಿ, ಮುರಿದುದನ್ನು ಮತ್ತೆ ವಸ್ತುವನ್ನಾಗಿ ಮಾಡಬಹುದೆಂದು ಮನೆಯ ಹುಡುಗನೂ ಹುಡುಗಿಯೂ ಕಣ್ಣಾರೆ ಕಂಡರೆ ಅದು ದೊಡ್ಡ ಶಿಕ್ಷಣ. ಗಾಳಿಗೂ ಉರಿಗೂ ಇರುವ ಸಂಬಂಧ, ನೀರಿಗೂ ಆವಿಗೂ ಇರುವ ಅಂತರ, ತಾಳ್ಮೆಯ ಬೆಲೆ, ಇವು ಪಾಠದ ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತುವುದಕ್ಕಿಂತ ಅಂಗಳದ ಒಲೆಯ ಬಳಿ ಬೇಗನೆ ಹತ್ತುವುವು. ಊರಿನ ಕುಲುಮೆಗಳು ಒಂದೊಂದಾಗಿ ಆರುತ್ತಿರುವ ಕಾಲದಲ್ಲಿ, ಕೊಡಲಿಯ ಅಲಗನ್ನು ತಟ್ಟಿಕೊಟ್ಟ ಆಚಾರಿಯ ವಿದ್ಯೆ ಎಂತಹುದೆಂಬ ಗೌರವವೂ ಮೂಡುವುದು.

ಈ ಕೆಲಸಕ್ಕೆ ಇಳಿಯುವವರು ಒಬ್ಬರೇ ಇಳಿಯಬಾರದು. ಇಬ್ಬರಿರಲಿ, ಒಬ್ಬರು ಮೂಸೆಯನ್ನು ನೋಡಲಿ, ಇನ್ನೊಬ್ಬರು ಸುತ್ತಲಿನ ನೆಲವನ್ನೂ ಬಾನನ್ನೂ ನೋಡಲಿ. ಲೋಹವು ಅರ್ಧ ಕರಗಿರುವಾಗ ಮಲೆನಾಡಿನ ಏಪ್ರಿಲ್ ತಿಂಗಳ ಮೋಡವು ಘಟ್ಟದ ಮೇಲೆ ಕಟ್ಟಿತೆಂದರೆ, ಗಾಳಿಯನ್ನು ನಿಲ್ಲಿಸಿ, ಮೂಸೆಯನ್ನು ಒಲೆಯಲ್ಲಿಯೇ ಬಿಟ್ಟು, ಮುಚ್ಚಳ ಹಾಕಿ, ಮೇಲೆ ಒಣಗಿದ ಕಬ್ಬಿಣದ ತಗಡನ್ನು ಹೊದಿಸಿ ದೂರ ಸರಿಯಬೇಕು. ಲೋಹ ಒಳಗೆ ಹೆಪ್ಪುಗಟ್ಟಿದರೆ ನಷ್ಟವಾಗುವುದು ಒಂದು ದಿನದ ಇದ್ದಿಲು, ಹೆಚ್ಚೆಂದರೆ ಒಂದು ಮೂಸೆ. ಮಳೆ ನಿಂತು ಬಿಸಿಲು ಬಂದ ಮೇಲೆ ಒಲೆಯನ್ನು ಒಣಗಿಸಿ ಮತ್ತೆ ಕರಗಿಸಬಹುದು.